ಮೈಂಡ್ ಬ್ಯಾಕಪ್ ಮಾಡಿಟ್ರೆ ಸತ್ತ ಮೇಲೂ ನಾನೇ ಇರ್ತೀನಾ?

ಇಲ್ಲ, ಮೈಂಡ್ ಬ್ಯಾಕಪ್ ಅಂದ್ರೆ ತಲೇಲಿರೋ ನೆನಪು, ಸ್ವಭಾವ ಎಲ್ಲಾ ಕಂಪ್ಯೂಟರಲ್ಲಿ ಕಾಪಿ ಮಾಡಿಡೋದು, ಹಾಗಾಗಿ ಇರೋದು ನಿಮ್ ಕಾಪಿ, ನೀವಲ್ಲ. ಯಾಕಂದ್ರೆ ಕಾಪಿ ಮಾಡೋಕೆ ನೀವು ಸಾಯ್ಲೇಬೇಕು ಅಂತೇನಿಲ್ವಲ್ಲ, ನೀವು ಮೈಸೂರಿನ ದೇವರಾಜ ಮಾರ್ಕೆಟ್ಟಲ್ಲಿ ವೀಳ್ಯದೆಲೆಗೆ ಚೌಕಾಸಿ ಮಾಡ್ತಿರ್ವಾಗ್ಲೇ ಆ ಕಾಪಿ ಯಾವ್ದೋ ಸರ್ವರಲ್ಲಿ ಆನ್ ಆಯ್ತು ಅನ್ಕೊಳಿ, ಅದಕ್ಕೂ ನಿಮ್ ಬಾಲ್ಯ, ಸಾಲ, ಸಿಟ್ಟು ಎಲ್ಲಾ ನೆನಪಿರತ್ತೆ, ಆದ್ರೆ ಯಾರಾದ್ರೂ ನಿಮ್ ಕಾಲು ತುಳಿದ್ರೆ ಅಯ್ಯೋ ಅನ್ನೋದು ನೀವು ಮಾತ್ರ. ಆನ್ ಆದ ಕ್ಷಣದಿಂದ್ಲೇ ಇಬ್ರ ದಾರಿ ಬೇರೆ. ಹಂಗಾಗಿ ನೆನಪು ಒಂದೇ ಇದ್ರೆ ಆಳೂ ಒಂದೇ ಆಗಲ್ಲ. ಡೆರೆಕ್ ಪಾರ್ಫಿಟ್ ಅನ್ನೋ ಬ್ರಿಟಿಷ್ ಫಿಲಾಸಫರ್ ಮಾತ್ರ, ಅದು ನಾನೇನಾ ಅನ್ನೋದು ಅಷ್ಟು ಮುಖ್ಯ ಅಲ್ಲ, ನೆನಪು ಸ್ವಭಾವ ಮುಂದುವರಿದ್ರೆ ಸಾಕು ಅಂತಿದ್ರು (ನಂಗ್ಯಾಕೋ ಒಪ್ಪಕ್ಕಾಗ್ಲಿಲ್ಲ). ಸದ್ಯಕ್ಕೆ ಟೆನ್ಷನ್ ಬೇಡ, ಮೆದುಳಲ್ಲಿ ಸುಮಾರು 8,600 ಕೋಟಿ ನರಕೋಶ ಇದಾವೆ, ಅಷ್ಟನ್ನೂ ಕಾಪಿ ಹೊಡೆಯೋ ಮೆಷಿನ್ ಇನ್ನೂ ಬಂದಿಲ್ಲ.