ಚುಕ್ಕಿಗಳ ಕೆಳಗಿನ ಕಥೆ ಯಾರದು?

ಪ್ರಿಯ ಮೇಷ್ಟ್ರೇ,

ನಿಮ್ಮ ಪತ್ರ ಓದಿ ತುಂಬ ಖುಷಿಯಾಯಿತು. ಮಗಳ ಮನೆಗೆಂದು ಸಿಡ್ನಿಗೆ ಹೋದವರು ಅಲ್ಲಿನ ಗ್ಯಾಲರಿಯಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳ ಚಿತ್ರ ನೋಡುತ್ತಾ ಇಡೀ ಮಧ್ಯಾಹ್ನ ಕಳೆದಿದ್ದೀರಿ. ಬಣ್ಣ ಸೆಳೆಯಿತು, ಆದರೆ ಪಕ್ಕದ ಚೀಟಿಯಲ್ಲಿ ಇದ್ದದ್ದು ಎರಡೇ ಸಾಲು. ‘ಅರ್ಥ ಹೇಳದಿದ್ದರೆ ನೋಡುವವನಿಗೆ ತಿಳಿಯುವುದು ಹೇಗೆ?’ ಎಂದು ಕೇಳಿದ್ದೀರಿ. ನಿಮ್ಮ ಹೈಸ್ಕೂಲಿನ ಕಾಂಪೌಂಡ್ ಗೋಡೆಯ ಮೇಲೆ ಮಕ್ಕಳಿಂದ ಅಂಥದೇ ಚುಕ್ಕಿ ಚಿತ್ರ ಬರೆಸಬಹುದೇ ಎಂದೂ ಕೇಳಿದ್ದೀರಿ. ಎರಡೂ ಪ್ರಶ್ನೆಗಳಿಗೆ ನಂಟಿದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಆ ಚೀಟಿ ಚಿಕ್ಕದಾಗಿದ್ದುದಕ್ಕೆ ಗ್ಯಾಲರಿಯವರನ್ನು ದೂರಬೇಡಿ. ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಎಷ್ಟೋ ಸಲ ಕಲಾವಿದರೇ ತೀರ್ಮಾನಿಸಿರುತ್ತಾರೆ.

ನೀವು ವರ್ಣಿಸಿದ ಚುಕ್ಕಿ ಚಿತ್ರಗಳು ಮಧ್ಯ ಆಸ್ಟ್ರೇಲಿಯಾದ ಮರುಭೂಮಿಯವು. ಅಲ್ಲಿನ ಜನ ತಲೆಮಾರುಗಳಿಂದ ಮರಳಿನ ಮೇಲೆ, ಮೈಮೇಲೆ ಬರೆಯುತ್ತಾ ಬಂದವರು. ಅದು ಬೋರ್ಡಿನ ಮೇಲೆ ಹೊಸ ಹುಮ್ಮಸ್ಸಿನಿಂದ ಮೂಡಿದ್ದು 1971ರಲ್ಲಿ, ಆಲಿಸ್ ಸ್ಪ್ರಿಂಗ್ಸ್‌ನಿಂದ ಸುಮಾರು 240 ಕಿ.ಮೀ. ದೂರದ ಪಪುನ್ಯಾದಲ್ಲಿ. ಬೇರೆ ಬೇರೆ ಭಾಷೆಯ ಮೂಲನಿವಾಸಿಗಳನ್ನು ಸರ್ಕಾರ ಒಂದೇ ಕಡೆ ತಂದು ಇರಿಸಿದ್ದ ಜಾಗ ಅದು. ಅಲ್ಲಿನ ಶಾಲೆಯಲ್ಲಿ ಜೆಫ್ರಿ ಬಾರ್ಡನ್ ಎಂಬ ಮೇಷ್ಟ್ರು ನಿಮ್ಮ ಹಾಗೇ ಡ್ರಾಯಿಂಗ್ ಕಲಿಸುತ್ತಿದ್ದರು. ಅವರ ಒತ್ತಾಸೆಯಿಂದ ಊರಿನ ಹಿರಿಯರು ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಕಥೆ ಬರೆದರು. ಮರುವರ್ಷ ‘ಪಪುನ್ಯಾ ಟುಲಾ’ ಎಂಬ ತಮ್ಮದೇ ಕಂಪನಿ ಕಟ್ಟಿದರು. ಆ ಗೋಡೆಯ ಚಿತ್ರವನ್ನು ಮಾತ್ರ ಕೆಲವೇ ವರ್ಷಗಳಲ್ಲಿ ಬಣ್ಣ ಬಳಿದು ಮುಚ್ಚಲಾಯಿತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಶುರುವಿನ ಕೆಲವು ಬೋರ್ಡುಗಳಲ್ಲಿ, ದೀಕ್ಷೆ ಪಡೆದ ಗಂಡಸರು ಮಾತ್ರ ನೋಡಬೇಕಾದ ವಸ್ತುಗಳು, ವಿಧಿಗಳು ಕಾಣುತ್ತಿದ್ದವು. ಚಿತ್ರಗಳು ಊರು ದಾಟಿ ಎಲ್ಲರ ಕಣ್ಣಿಗೆ ಬಿದ್ದಾಗ ಬೇರೆ ಸಮುದಾಯಗಳ ಹಿರಿಯರು ಸಿಟ್ಟಾದರು. ಆಮೇಲೆ ಕಲಾವಿದರು ಅಂಥವನ್ನು ಬಿಡುತ್ತಾ, ಚುಕ್ಕಿಗಳ ಕೆಳಗೆ ಮರೆಮಾಡುತ್ತಾ ಹೋದರು. ನಿಮ್ಮನ್ನು ಸೆಳೆದ ಚುಕ್ಕಿಗಳು ಅಷ್ಟು ದಟ್ಟವಾಗಿರುವುದಕ್ಕೆ ಇದೂ ಒಂದು ಕಾರಣ.

ಅಲ್ಲಿ ಕಥೆಗಳಿಗೂ ವಾರಸುದಾರರಿದ್ದಾರೆ. ಅದೇ ಮರುಭೂಮಿಯ ವಾರ್ಲ್‌ಪಿರಿ ಜನರಲ್ಲಿ ಒಂದು ಜಾಗದ ಕಥೆಗೆ ಅಪ್ಪನ ಕಡೆಯಿಂದ ಹಕ್ಕು ಪಡೆದವರನ್ನು ‘ಕಿರ್ಡಾ’ ಎನ್ನುತ್ತಾರೆ. ಅಮ್ಮನ ಕಡೆಯಿಂದ ಬಂದವರು ‘ಕುರ್ಡುಂಗುರ್ಲು’. ಎಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಿಕೊಳ್ಳುವ ಹೊಣೆ ಇವರದು. ಕೈ ಎಷ್ಟೇ ಪಳಗಿದ್ದರೂ ಹಕ್ಕಿಲ್ಲದ ಕಥೆಯನ್ನು ಯಾರೂ ಬರೆಯುವಂತಿಲ್ಲ. ನಮಗೆ ಇದು ತೀರಾ ಹೊಸದೇನಲ್ಲ. ತುಳುನಾಡಿನಲ್ಲಿ ದೈವದ ವೇಷವನ್ನು ಯಾರೆಂದರೆ ಅವರು ಕಟ್ಟುವುದಿಲ್ಲ. ಯಾರೋ ವೇದಿಕೆ ಮೇಲೆ ಸುಮ್ನೆ ಅನುಕರಿಸಿದರೆ ನಂಬಿದವರಿಗೆ ಎಷ್ಟು ನೋವಾಗುತ್ತದೆ ಅಂತ ನೋಡಿದ್ದೇವೆ, ಅಲ್ವಾ?

ಇಂಥ ನೋವನ್ನು ಆಸ್ಟ್ರೇಲಿಯಾದ ಕೋರ್ಟೂ ಲೆಕ್ಕಕ್ಕೆ ತೆಗೆದುಕೊಂಡಿದೆ. ಬಂಡುಕ್ ಮರಿಕಾ, ಜಾರ್ಜ್ ಮಿಲ್ಪುರುರು ಮೊದಲಾದ ಮೂಲನಿವಾಸಿ ಕಲಾವಿದರ ಚಿತ್ರಗಳನ್ನು ಒಂದು ಕಂಪನಿಯವರು ಕೇಳದೆ ನಕಲು ಮಾಡಿ, ವಿಯೆಟ್ನಾಮಿನಲ್ಲಿ ಕಾರ್ಪೆಟ್ ಮಾಡಿಸಿ, ಆಸ್ಟ್ರೇಲಿಯಾಕ್ಕೆ ತಂದು ಮಾರಿದ್ದರು. ಮರಿಕಾ ಅವರ ಚಿತ್ರದಲ್ಲಿದ್ದದ್ದು ಅವರ ಕುಲದ ಪವಿತ್ರ ನೀರಿನ ತಾಣ. ಅದರ ಮೇಲೆ ಜನ ಬೂಟು ಹಾಕಿಕೊಂಡು ಓಡಾಡುವ ಹಾಗಾಯಿತು. ತಪ್ಪು ಯಾರದೇ ಇರಲಿ, ಚಿತ್ರವನ್ನು ಕಾಯಲಿಲ್ಲ ಎಂಬ ಮಾತು ತಮ್ಮವರ ನಡುವೆ ಕಲಾವಿದರ ಮೇಲೇ ಬರುತ್ತದೆ. 1994ರಲ್ಲಿ ಫೆಡರಲ್ ಕೋರ್ಟ್ ಪರಿಹಾರ ಕೊಡಿಸುವಾಗ ಈ ಹಾನಿಯನ್ನೂ ಸೇರಿಸಿತು.

ಹಾಗಾದರೆ ಹೊರಗಿನವರಿಗೆ ಏನು ದಕ್ಕುತ್ತದೆ? ಬೇಕಾದಷ್ಟು ದಕ್ಕುತ್ತದೆ. ಮೊದಲು, ಮೇಲಿನಿಂದ ನೋಡುತ್ತಿದ್ದೇನೆ ಅಂದುಕೊಂಡು ನೋಡಿ. ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಪಕ್ಕದಲ್ಲಿ ಕೂತು ಬರೆಯುತ್ತಾರೆ. ನೀವು ಕೇಳಿದ ‘ಯು’ ಆಕಾರ ಮರಳಿನಲ್ಲಿ ಕೂತು ಎದ್ದವರ ಗುರುತು, ಅಂದರೆ ಮನುಷ್ಯ. ಒಂದರೊಳಗೊಂದು ವೃತ್ತ ಇದ್ದರೆ ನೀರಿನ ಗುಂಡಿ ಇರಬಹುದು, ಬಿಡಾರ ಇರಬಹುದು. ಯಾವುದೆಂದು ಆಯಾ ಕಥೆಯೇ ಹೇಳಬೇಕು. ಹಾಗಾಗಿ ಇಂಟರ್ನೆಟ್ಟಿನಲ್ಲಿ ಸಿಗುವ ಚಿಹ್ನೆಗಳ ಪಟ್ಟಿಯನ್ನು ಜಾಸ್ತಿ ನಂಬಬೇಡಿ. ಚೀಟಿಯ ಆ ಎರಡು ಸಾಲಿನಲ್ಲಿ ಕಲಾವಿದರ ಹೆಸರು, ಜಾಗದ ಹೆಸರು ಇರುತ್ತದೆ. ಅಲ್ಲಿಂದ ಶುರುಮಾಡಿ.

ಜಾಗ ಯಾಕೆ ಅಷ್ಟು ಮುಖ್ಯ ಅನ್ನುವುದಕ್ಕೆ ನನಗೆ ಮೊದಲು ನೆನಪಾಗುವುದು ಙುರಾರಾ ಕ್ಯಾನ್ವಾಸ್. ಪಶ್ಚಿಮ ಆಸ್ಟ್ರೇಲಿಯಾದ ಗ್ರೇಟ್ ಸ್ಯಾಂಡಿ ಮರುಭೂಮಿಯ ಜನ ತಮ್ಮ ನೆಲದ ಹಕ್ಕಿಗಾಗಿ ಅರ್ಜಿ ಹಾಕಿದ್ದರು. ನೆಲ ತಮ್ಮದೇ ಎಂದು ಅಧಿಕಾರಿಗಳಿಗೆ ತೋರಿಸಲು 1997ರಲ್ಲಿ ನಲವತ್ತಕ್ಕೂ ಹೆಚ್ಚು ಕಲಾವಿದರು ಸೇರಿ 10 ಮೀಟರ್ ಉದ್ದ, 8 ಮೀಟರ್ ಅಗಲದ ಚಿತ್ರ ಬರೆದರು. ತಾವು ಬಲ್ಲ ನೀರಿನ ತಾಣಗಳನ್ನೆಲ್ಲ ಅದರಲ್ಲಿಟ್ಟರು. ನೆಲದ ಹಕ್ಕಿನ ಅರ್ಜಿಗಳನ್ನು ನೋಡುವ ಟ್ರಿಬ್ಯೂನಲ್‌ನವರು ಬಂದಾಗ ಒಬ್ಬೊಬ್ಬರೂ ಚಿತ್ರದಲ್ಲಿ ತಮ್ಮ ಜಾಗದ ಮೇಲೇ ನಿಂತು, ತಮ್ಮ ಭಾಷೆಯಲ್ಲಿ ಸಾಕ್ಷಿ ಹೇಳಿದರು. 2007ರಲ್ಲಿ ಆ ಹಕ್ಕಿಗೆ ಕಾನೂನಿನ ಮನ್ನಣೆ ಸಿಕ್ಕಿತು. ಕಾರ್ಪೆಟ್ಟಿನ ಮೇಲೆ ಓಡಾಡಿದ ಕಾಲುಗಳನ್ನೂ ಈ ಕಾಲುಗಳನ್ನೂ ಒಟ್ಟಿಗೆ ನೆನೆಸಿಕೊಳ್ಳಿ. ಇಲ್ಲಿ ನಿಂತವರು ಆ ಜಾಗಕ್ಕೆ ಸೇರಿದವರು.

ಇನ್ನು ಗೋಡೆಯ ವಿಷಯ. ಚುಕ್ಕಿ ಇಡಲು ಯಾರ ಅಪ್ಪಣೆಯೂ ಬೇಡ. ಆದರೆ ಆ ಚಿತ್ರಗಳನ್ನು, ಅವುಗಳ ಚಿಹ್ನೆಗಳನ್ನು ಮಕ್ಕಳಿಂದ ನಕಲು ಮಾಡಿಸಬೇಡಿ. ಈ ಮಾತಿನಲ್ಲಿ ನನಗೆ ಅನುಮಾನವೇ ಇಲ್ಲ. ಕ್ಲಾಸಿನಲ್ಲಿ ಚಿತ್ರಗಳನ್ನು ತೋರಿಸಿ, ಬರೆದವರ ಹೆಸರು ಹೇಳಿ, ಪಪುನ್ಯಾದ ಗೋಡೆಯ ಕಥೆಯನ್ನೂ ಹೇಳಿ. ಆಮೇಲೆ ಮಕ್ಕಳು ತಮ್ಮ ಊರನ್ನೇ ಮೇಲಿನಿಂದ ನೋಡಿದ ಹಾಗೆ ಬರೆಯಲಿ. ಕೆರೆ, ತೋಪು, ಬಸ್ ಸ್ಟ್ಯಾಂಡ್, ಎಲ್ಲಕ್ಕೂ ಗುರುತು ಅವರೇ ಕಟ್ಟಲಿ. ಯಾವ ಜಾಗಕ್ಕೆ ಯಾವ ಕಥೆ ಎಂದು ಅಜ್ಜಿ ತಾತಂದಿರನ್ನು ಕೇಳಿಕೊಂಡು ಬರಲಿ. ‘ಇದನ್ನು ಹೊರಗೆ ಹೇಳಬೇಡ’ ಎಂದು ಅಜ್ಜಿ ಹೇಳಿದ್ದು ಗೋಡೆಗೆ ಬರುವುದು ಬೇಡ.

ಗೋಡೆ ಮುಗಿದ ಮೇಲೆ ಫೋಟೊ ಕಳಿಸಿ. ಯಾವ ಭಾಗವನ್ನು ಯಾರು ಬರೆದರು ಎಂದು ಮಕ್ಕಳ ಹೆಸರನ್ನೂ ಬರೆದು ಕಳಿಸಿ. ಹೆಸರುಗಳ ಸಮೇತ ಪ್ರಕಟಿಸುತ್ತೇವೆ.

– ಸಂಪಾದಕ