ಹೂ ಬಿಡುವ ಕಾಡು ಆರ್ಕಿಡ್‌ಗೆ ಕೈಯಿಂದ ಪರಾಗಸ್ಪರ್ಶ ಯಾಕೆ ಮಾಡಬೇಕು?

ಹೂ ಬಿಟ್ಟರೂ ಎಷ್ಟೋ ಸಲ ಕಾಯಿ ಕಟ್ಟುವುದಿಲ್ಲ, ಅದಕ್ಕೆ. ಆರ್ಕಿಡ್‌ನ ಪರಾಗ ದಾಸವಾಳದ ಹಾಗೆ ಪುಡಿಯಾಗಿರುವುದಿಲ್ಲ. ಅಂಟಂಟಾದ ಪುಟ್ಟ ಮುದ್ದೆಯಾಗಿರುತ್ತದೆ, ಗಾಳಿಗೆ ಹಾರದು. ಅದನ್ನು ಹೆಚ್ಚಾಗಿ ಕೀಟವೇ ಮೈಗೆ ಅಂಟಿಸಿಕೊಂಡು ಇನ್ನೊಂದು ಹೂವಿಗೆ ಒಯ್ಯಬೇಕು. ಎಷ್ಟೋ ಜಾತಿಗಳಿಗೆ ಒಂದೆರಡು ಬಗೆಯ ಕೀಟ ಮಾತ್ರ ಆಗುತ್ತದೆ. ಕಾಡು ತುಂಡಾಗಿ, ಒಂದು ಗಿಡ ಇಲ್ಲಿ, ಇನ್ನೊಂದು ದೂರದ ಮರದಲ್ಲಿ ಉಳಿದರೆ ಆ ಕೀಟ ಎರಡನ್ನೂ ಮುಟ್ಟುವುದು ಕಷ್ಟ ಅಲ್ವಾ?

ನಮ್ಮ ಉಡುಪಿ, ಮಂಗಳೂರು ಕಡೆಯವರಿಗೆ ಈ ಕೆಲಸ ಹೊಸದಲ್ಲ. ವೆನಿಲ್ಲಾ ಕೂಡ ಆರ್ಕಿಡ್ಡೇ! ಅದರ ತವರು ಮೆಕ್ಸಿಕೋ ಕಡೆ. ಅಲ್ಲಿನ ಜೇನುನೊಣ ಇಲ್ಲಿಲ್ಲ. ಹಾಗಾಗಿ ಅಡಿಕೆ ತೋಟದಲ್ಲಿ ವೆನಿಲ್ಲಾ ಬೆಳೆದವರು ಬೆಳಗ್ಗೆ ಬೆಳಗ್ಗೆಯೇ ಸಪೂರ ಕಡ್ಡಿ ಹಿಡಿದು, ಹೂವಿನೊಳಗಿನ ತೆಳು ಪೊರೆಯನ್ನು ಎತ್ತಿ, ಪರಾಗವನ್ನು ಒತ್ತುತ್ತಿದ್ದರು. ಈ ಉಪಾಯ ಕಂಡುಕೊಂಡದ್ದು 1841ರಲ್ಲಿ, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ 12 ವರ್ಷದ ಹುಡುಗ ಎಡ್ಮಂಡ್ ಆಲ್ಬಿಯಸ್.

ಕಾಡು ಆರ್ಕಿಡ್‌ಗೂ ಕಡ್ಡಿಯೇ ಸಾಕು. ಆದರೆ ವೆನಿಲ್ಲಾದಲ್ಲಿ ಅದೇ ಹೂವಿನ ಪರಾಗ ನಡೆಯುತ್ತದೆ, ಇಲ್ಲಿ ಬೇರೆ ಗಿಡದ್ದು ತರುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನ ಪೀಳಿಗೆ ಸೊರಗಬಹುದು. ಎಲ್ಲ ಹೂವಿಗೂ ಮಾಡಬೇಡಿ. ಕಾಯಿ ಬಲಿಯಲು ತಿಂಗಳುಗಟ್ಟಲೆ ಬೇಕು, ಗಿಡ ಬಳಲುತ್ತದೆ. ಕಾಡಿನೊಳಗಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದೇ ಮಾಡಿ.

ಒಂದೇ ಕಾಯಿಯಲ್ಲಿ ಸಾವಿರಾರು ಬೀಜ ಇರುತ್ತವೆ, ಧೂಳಿನಷ್ಟು ಸಣ್ಣವು. ಅವುಗಳೊಳಗೆ ಆಹಾರದ ಬುತ್ತಿ ಇಲ್ಲವೆನ್ನುವಷ್ಟು ಕಡಿಮೆ. ಮೊಳೆಯಲು ಮರದ ತೊಗಟೆಯಲ್ಲೋ ಮಣ್ಣಿನಲ್ಲೋ ಇರುವ ಶಿಲೀಂಧ್ರವೇ ಅವುಗಳಿಗೆ ಆಹಾರ ಉಣಿಸಬೇಕು. ಅದಕ್ಕೇ ಆರ್ಕಿಡ್ ಬೆಳೆದಿರುವ ಹಳೆಯ ಮರವನ್ನೂ ಕಡಿಯದೆ ಉಳಿಸಿಕೊಳ್ಳಬೇಕು.