ಬರೀ ಅವಿಭಾಜ್ಯಗಳನ್ನೇ ಕೊಡುವ ಬಹುಪದೋಕ್ತಿ ಇದೆಯೇ?

ಪ್ರಶ್ನೆ: ಕ² + ಕ + 41 ಎಂಬ ಬಹುಪದೋಕ್ತಿಯಲ್ಲಿ ಕ ಇರುವಲ್ಲಿ 0, 1, 2 ಎಂದು ಹಾಕುತ್ತಾ ಹೋದೆ. 41, 43, 47, 53... ಬಂದದ್ದೆಲ್ಲ ಅವಿಭಾಜ್ಯ ಸಂಖ್ಯೆಯೇ. 40 ಹಾಕಿದಾಗ ತಪ್ಪಿತು. ಅಷ್ಟು ದೂರ ಸರಿಯಾಗಿ ಬಂದದ್ದು ಅಲ್ಲೇ ಏಕೆ ತಪ್ಪಬೇಕು? ಎಂದೂ ತಪ್ಪದ ಬಹುಪದೋಕ್ತಿ ಇಲ್ಲವೇ?

ಉತ್ತರ: ನೀವೇ ಕೂತು ಲೆಕ್ಕ ಮಾಡಿ ನೋಡಿದ್ದು ಬಹಳ ಸಂತೋಷ. 41, 43, 47 ಎಂಬ ಈ ಸಾಲಿನ ಬಗ್ಗೆ 1772ರಲ್ಲೇ ಗಣಿತಜ್ಞ ಆಯ್ಲರ್ ಬರೆದಿದ್ದ.

ಮೊದಲು, 40ರಲ್ಲೇ ಏಕೆ? ಕ² + ಕ ಯಾವಾಗಲೂ ಸಮಸಂಖ್ಯೆ. ಅದಕ್ಕೆ 41 ಕೂಡಿಸಿದರೆ ಬೆಸ, ಆದ್ದರಿಂದ 2 ಇದನ್ನು ಭಾಗಿಸದು. 3ರಿಂದ ಭಾಗಿಸಿದರೆ ಕ² + ಕ ಉಳಿಸುವ ಶೇಷ 0 ಅಥವಾ 2; 41ರ ಶೇಷ 2. ಕೂಡಿದರೆ 3ರಿಂದ ನಿಶ್ಶೇಷವಾಗಿ ಭಾಗವಾಗುವುದೇ ಇಲ್ಲ. 5, 7, 11 ಎಂದು 37ರವರೆಗೂ ಹೀಗೇ ನೋಡಿ: 41ಕ್ಕಿಂತ ಚಿಕ್ಕ ಅವಿಭಾಜ್ಯ ಯಾವುದೂ ಇದರ ಒಳಹೊಗದು. ಹಾಗಾದರೆ ಇಲ್ಲಿ ಹುಟ್ಟುವ ಭಾಜ್ಯ ಸಂಖ್ಯೆ ಕನಿಷ್ಠ 41 × 41, ಅಂದರೆ 1681 ಆಗಿರಲೇಬೇಕು. ಕ 39 ಆದಾಗ ಬರುವುದು 1601. 40 ಆದಾಗ ಸರಿಯಾಗಿ 1681! ತಪ್ಪಲು ಸಾಧ್ಯವಿದ್ದ ಮೊದಲ ಜಾಗದಲ್ಲೇ ಅದು ತಪ್ಪಿದೆ. ಆಮೇಲೂ ಅದು ಬಡವಾಗುವುದಿಲ್ಲ. 0ಯಿಂದ 99ರವರೆಗಿನ ನೂರು ಬೆಲೆಗಳಲ್ಲಿ 86 ಅವಿಭಾಜ್ಯಗಳು.

41ರ ಬದಲು 17 ಹಾಕಿ ನೋಡಿ. 15ರವರೆಗೆ ತಪ್ಪದು, 16ರಲ್ಲಿ 17ರ ವರ್ಗ ಬರುತ್ತದೆ. ಹೀಗೆ ನಡೆದುಕೊಳ್ಳುವ ಸಂಖ್ಯೆಗಳಲ್ಲಿ 41ಕ್ಕಿಂತ ದೊಡ್ಡದು ಇಲ್ಲವೇ ಇಲ್ಲ. ಇದರ ಬೇರು ಇರುವುದು 163 ಎಂಬ ಸಂಖ್ಯೆಯಲ್ಲಿ (4 × 41 − 1). 41ಕ್ಕಿಂತ ದೊಡ್ಡದು ಇಲ್ಲ ಎಂಬುದಕ್ಕೆ 1952ರಲ್ಲಿ ಕುರ್ಟ್ ಹೀಗ್ನರ್ ಸಾಧನೆ (ಗಣಿತದ ಪುರಾವೆ) ಕೊಟ್ಟಾಗ ಗಣಿತಜ್ಞರು ಒಪ್ಪಲಿಲ್ಲ. 1960ರ ದಶಕದ ಕೊನೆಗೆ ಬೇಕರ್ ಮತ್ತು ಸ್ಟಾರ್ಕ್ ಬೇರೆ ಬೇರೆಯಾಗಿ ಅದನ್ನು ಸಾಧಿಸಿದರು; ಹೀಗ್ನರ್ ವಾದ ಮೂಲತಃ ಸರಿಯಾಗಿತ್ತೆಂದು ಸ್ಟಾರ್ಕ್ ತೋರಿಸಿಕೊಟ್ಟರು. ಅಷ್ಟರಲ್ಲಿ ಹೀಗ್ನರ್ ತೀರಿಕೊಂಡಿದ್ದರು. ಈ ಕತೆ ನೆನೆದಾಗಲೆಲ್ಲ ನನಗೆ ನೋವಾಗುತ್ತದೆ.

ಎಂದೂ ತಪ್ಪದ ಬಹುಪದೋಕ್ತಿ? ಒಂದೇ ಚರಾಕ್ಷರ, ಪೂರ್ಣಾಂಕ ಸಹಗುಣಕಗಳು ಎಂದಾದರೆ ಇಲ್ಲ. ಕ = 1 ಆದಾಗ 43 ಬಂತಲ್ಲ; ಹಾಗಿದ್ದರೆ 1 + 43, 1 + 86 ಹಾಕಿದಾಗಲೂ ಉತ್ತರವನ್ನು 43 ಭಾಗಿಸಲೇಬೇಕು. ಬೆಲೆ ಬೆಳೆಯುತ್ತಾ ಹೋಗುವುದರಿಂದ ಅದು 43 ಆಗಿಯೇ ಉಳಿಯಲಾರದು. ಬೇರೆ ಯಾವ ಬಹುಪದೋಕ್ತಿಗೂ ಇದೇ ಗತಿ. ಆದರೆ 26 ಚರಾಕ್ಷರಗಳಿಗೆ ಅವಕಾಶ ಕೊಟ್ಟರೆ, ಧನ ಬೆಲೆಗಳೆಲ್ಲ ಅವಿಭಾಜ್ಯಗಳೇ ಆಗುವಂಥದ್ದು ಇದೆ. 1976ರಲ್ಲಿ ನಾಲ್ವರು ಸೇರಿ ಅದನ್ನು ಬರೆದರು. ಆದರೆ ಅವಿಭಾಜ್ಯಗಳನ್ನು ಹುಡುಕಲು ಅದು ಪ್ರಯೋಜನಕ್ಕೆ ಬಾರದು.

ಆದ್ದರಿಂದ ಸಂಶೋಧಕರು ಕೇಳುವುದು ಬೇರೆ ಪ್ರಶ್ನೆ: ಅವಿಭಾಜ್ಯಗಳು ಎಂದೂ ಮುಗಿಯದಂತೆ ಬರುತ್ತಲೇ ಇರುತ್ತವೆಯೇ? ಕ² + 1 ತೆಗೆದುಕೊಳ್ಳಿ. ಅದರಲ್ಲಿ ಬರುವ ಅವಿಭಾಜ್ಯಗಳು: 2, 5, 17, 37, 101... ಇಷ್ಟು ಸರಳವಾದದ್ದಕ್ಕೂ ಉತ್ತರ ಸಿಕ್ಕಿಲ್ಲ. ಹೆನ್ರಿಕ್ ಇವಾನಿಯೆಕ್ 1978ರಲ್ಲಿ ಬಹಳ ಹತ್ತಿರ ಬಂದರು: ಹೆಚ್ಚೆಂದರೆ ಎರಡು ಅವಿಭಾಜ್ಯಗಳ ಗುಣಲಬ್ಧವಾಗಿರುವ ಬೆಲೆಗಳು ಇದರಲ್ಲಿ ಅನಂತವಾಗಿವೆ ಎಂದು ಸಾಧಿಸಿದರು. 1998ರಲ್ಲಿ ಅವರೂ ಜಾನ್ ಫ್ರೀಡ್‌ಲ್ಯಾಂಡರ್ ಅವರೂ ಸೇರಿ, ಒಂದು ಸಂಖ್ಯೆಯ ವರ್ಗ ಮತ್ತು ಇನ್ನೊಂದರ ನಾಲ್ಕನೇ ಘಾತ ಕೂಡಿದಾಗ ಬರುವ ಅವಿಭಾಜ್ಯಗಳು ಮುಗಿಯವು ಎಂದು ತೋರಿಸಿದರು. ಕ² + 1ರಲ್ಲಿ ಆ ‘ಎರಡ’ನ್ನು ‘ಒಂದ’ಕ್ಕೆ ಇಳಿಸುವ ದಾರಿ ಇನ್ನೂ ಯಾರಿಗೂ ಸಿಕ್ಕಿಲ್ಲ.